ಕೆಂಪು ಶಾಯಿ

ಮಾಗುಂಡಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟೇ:
"ಮಿಷೀನು ರಟ್ಟು ಕೊರಿಯಾಕ ಒಲ್ಲೆ ಅಂತೈತಿ, ಬರ್ರಿ."

ಬಾಗಲಕೋಟೆಯಿಂದ ಗುಳೇದಗುಡ್ಡಕ್ಕೆ ಮಧ್ಯಾಹ್ನದ ಬಸ್ಸು,
ತೊಡೆಯ ಮೇಲೆ ಸ್ಕ್ರೂಡ್ರೈವರಿನ ಚೀಲ,
ಕಿಟಕಿಯಾಚೆ ಕೆಂಪು ಕಲ್ಲಿನ ಗುಡ್ಡ
ಬಿಸಿಲಿಗೆ ಬೆನ್ನು ಕೊಟ್ಟು ಕುಂತಿತ್ತು.

ಮಗ್ಗದ ಪಕ್ಕದ ಕತ್ತಲಲ್ಲಿ
ಹದಿನಾಲ್ಕು ವರ್ಷದ ಕಂಪ್ಯೂಟರ್.
ಮೇಲೆ ನೂಲಿನ ಧೂಳು, ಒಳಗೆ ಹಳೆಯ ಲಿನಕ್ಸ್.
ಹಾಕಿಕೊಟ್ಟ ಹುಡುಗ ಈಗ ಎಲ್ಲಿದ್ದಾನೋ,
ಡಬ್ಬಿಯ ಮೇಲೆ ಅವನ ಅಕ್ಷರ ಮಾತ್ರ ಉಳಿದಿದೆ:
ಅಪ್‌ಡೇಟ್ ಮಾಡಬೇಡಿ.
ಯಾರೋ ಮಾಡಲು ಹೋಗಿದ್ದಾರೆ. ಅರ್ಧಕ್ಕೆ ನಿಂತಿದೆ.
"ನಮ್ಮ ಅಳಿಯ," ಎಂದರು, ಎಲೆಗೆ ಸುಣ್ಣ ಹಚ್ಚುತ್ತ.
"ಶಾಣ್ಯಾ ಅದಾನ, ಏನ್ಮಾಡೂದು."

ಒಂದು ಲೈಬ್ರರಿ ಕಳಚಿ ಬಿದ್ದಿತ್ತು.
ಮತ್ತೆ ತಾ ಎಂದು ಆಜ್ಞೆ ಕೊಟ್ಟೆ.
ಪರದೆಯ ತುಂಬ ಒಂದೇ ಉತ್ತರ:
ನಾನೂರಾ ನಾಲ್ಕು. ಸಿಗಲಿಲ್ಲ.
ನಾನೂರಾ ನಾಲ್ಕು. ಸಿಗಲಿಲ್ಲ.

"ಅಂದ್ರ ಮಾಲು ಹಾಳಾತೇನ್ರಿ?"

ಇಲ್ಲ ಎಂದೆ. ಈ ಆವೃತ್ತಿಯ ಆಯುಷ್ಯ ಮುಗಿದಿದೆ.
ಅದರ ಉಗ್ರಾಣವನ್ನು ಪೇಟೆಯಿಂದ ಎತ್ತಿ
ಹಳೇ ಸಾಮಾನಿನ ಕೋಣೆಗೆ ಸಾಗಿಸಿದ್ದಾರೆ.
ನಿಮ್ಮ ಯಂತ್ರಕ್ಕೆ ಯಾರೂ ಹೇಳಿಲ್ಲ,
ಅದು ಇನ್ನೂ ಮೊದಲಿನ ಬಾಗಿಲನ್ನೇ ತಟ್ಟುತ್ತಿದೆ.

ಹೇಳುತ್ತ ಹೇಳುತ್ತ ಅಪ್ಪ ನೆನಪಾದ.
ಬಾಗಲಕೋಟೆಗೆ ಹಿನ್ನೀರು ಬಂದ ವರ್ಷಗಳಲ್ಲಿ
ಅಂಚೆ ಕಚೇರಿಯವರು ಅವನಿಗೊಂದು ಕೆಂಪು ಪೆನ್ನು ಕೊಟ್ಟಿದ್ದರು.
ಓಣಿಯ ಹೆಸರು ಹೊಡೆದು
ನವನಗರದ ಸೆಕ್ಟರು, ಪ್ಲಾಟು ಬರೆಯುವುದು ಅವನ ಕೆಲಸ.
ಮಂದಿಯ ಹೆಸರು ಮುಟ್ಟುತ್ತಿರಲಿಲ್ಲ, ಊರಿನ ಹೆಸರೂ.
ನಡುವಿನ ಒಂದು ಸಾಲು ಮಾತ್ರ.
ಊಟಕ್ಕೆ ಕುಂತಾಗಲೂ ಬೆರಳು ಕೆಂಪು,
"ಮೊದ್ಲ ಕೈ ತೊಳಕೊಳ್ರಿ," ಅವ್ವನ ಜಗಳ.

ಮೂಲಗಳ ಪಟ್ಟಿ ತೆರೆದೆ. ಏಳು ಸಾಲು.
ಪ್ರತಿ ಸಾಲಿನಲ್ಲೂ ಹಳೆಯ ಸರ್ವರಿನ ಹೆಸರು ಹೊಡೆದು
ಸವೆದ ಆವೃತ್ತಿಗಳ ಮನೆಯ ಹೆಸರು ಬರೆದೆ.
ಆವೃತ್ತಿಯ ಹೆಸರು ಮುಟ್ಟಲಿಲ್ಲ.
ಹೊಸದಕ್ಕೆ ಬದಲಿಸಿಬಿಡಲು ಕೈ ಹೋಗಿತ್ತು, ಸುಳ್ಳು ಯಾಕೆ.
ಹಾಗೆ ಮಾಡಿದ್ದರೆ ಹಾಸು ಒಂದು ಎಣಿಕೆ, ಹೊಕ್ಕು ಒಂದು ಎಣಿಕೆ.
ಅಳಿಯ ಮಾಡಿದ್ದೂ ಅದನ್ನೇ.

ಆಮೇಲೂ ಒಂದು ತಕರಾರು:
ಪಟ್ಟಿಯ ವಾಯಿದೆ ಮೀರಿದೆಯಂತೆ.
ಸಹಿ ಅವರದೇ, ತಾರೀಖು ಮಾತ್ರ ಹಳತು.
ಸಹಿ ನೋಡು, ತಾರೀಖು ನೋಡಬೇಡ
ಎಂದು ಇನ್ನೊಂದು ಸಾಲು ಸೇರಿಸಿದೆ.

ಸಾಮಾನು ಒಂದೊಂದಾಗಿ ಇಳಿಯಿತು.
ಚಹಾ ಎರಡು ಸಲ ಬಂತು.
ಟಕ್ ಎಂದಿತು ಯಂತ್ರ: ರಟ್ಟಿನಲ್ಲಿ ಮೊದಲ ತೂತು.

"ಇನ್ನ ಬೇಕಾದ್ದೆಲ್ಲಾ ಅಲ್ಲೇ ಸಿಗತೈತಿ, ಹೌದಿಲ್ಲೋ?"
ಅಲ್ಲಿಗೆ ಹೊಸದೇನೂ ಬರುವುದಿಲ್ಲ ಎಂದೆ.
ಹರಿದರೆ ತೇಪೆ ಹಾಕುವವರಿಲ್ಲ.
ಇನ್ನು ಇದನ್ನು ಬಾಣಂತಿಯ ಹಾಗೆ ನೋಡಿಕೊಳ್ಳಿ,
ಹೊರಗಿನ ಗಾಳಿ ತಾಗಬಾರದು.
ನಾಳೆ ಆ ಕೋಣೆಗೂ ಬೀಗ ಬಿದ್ದೀತೆಂದು
ಅಗತ್ಯದ್ದೆಲ್ಲ ಒಂದು ಡಿಸ್ಕಿಗೆ ನಕಲು ಮಾಡಿ
ನೆಟ್ಟಿನ ತಂತಿ ಕಿತ್ತು ಸುತ್ತಿಟ್ಟೆ.

ಡಿಸ್ಕನ್ನು ಅವರು ಗೋಡೆಯ ಮಾಡದಲ್ಲಿ
ಅಜ್ಜನ ರಟ್ಟುಗಳ ಪಕ್ಕ ಇಟ್ಟರು.
ಹಳೇ ಧೋತರದ ಗಂಟು, ನಡುನಡುವೆ ಬೇವಿನೆಲೆ.
ಒಂದನ್ನು ಬಿಚ್ಚಿ ಬೆಳಕಿಗೆ ಹಿಡಿದರು, ಆನೆಹೆಜ್ಜೆಯದು.
"ಈ ತೂತು ನಮ್ಮಜ್ಜ ಹಾಕಿದ್ದಲ್ರಿ. ಇಲಿ ಕಡದದ್ದು."
ಅಂದಿನಿಂದ ಅವರ ಮನೆಯ ಖಣದಲ್ಲಿ
ಆನೆಗೆ ಒಂದು ಉಗುರು ಹೆಚ್ಚು.
ಸಾವಕಾರರು ಕೇಳಿಲ್ಲ, ತೊಟ್ಟವರೂ ಕೇಳಿಲ್ಲ.

"ಕಂಪ್ಯೂಟರಿಗೆ ಏರಸೂ ಮುಂದ ಆ ಹುಡುಗ
ತಗದು ಬಿಡ್ಲೇನು ಅಂದ.
ಬ್ಯಾಡ ಅಂದೆ,"
ಎಂದು ಗಂಟು ಬಿಗಿದರು.

ಹೊರಗೆ ಕೊನೆಯ ಬಸ್ಸಿನ ಹಾರ್ನು.
ಬಿಲ್ಲು ಬರೆಯುವುದು ಮರೆತೇ ಹೋಯಿತು.