ಗುಮ್ಮಿಯೊಳಗ

ಮುಂಜಾನಿ ಐದಕ್ಕ ನನ್ನ ಹಂಚು ಕಾಯ್ತದ.
ಶಹಾಬಾದ ಸ್ಟೇಷನ್ನಿಗಿ ಮೊದಲ ಗಾಡಿ ಬರೂದರೊಳಗ
ಎಂಬತ್ತು ರೊಟ್ಟಿ ಬಡದು ಮುಗಸಬೇಕು.
ಬಡಿಯೂ ಸಪ್ಪಳದಾಗೂ ಮಂದಿ ಮಾತು ನನಗ ಕೇಳಸ್ತದ.
ನಂದು ಮಂದಿಗಿ ಕೇಳಸೂದಿಲ್ಲ.

ಭೀಮಾಶಂಕರ ಮಾಸ್ತರು ದಿನಾ ಆರು ಒಯ್ತಾರ.
"ಸಕ್ಕರಿ ಬ್ಯಾನಿಗಿ ಅಕ್ಕಿ ವಿಷ, ನೀಲಗಂಗಾ,
ಜ್ವಾಳ ಔಷಧ. ಔಷಧಕ್ಕ ಎಂಥಾ ಲೆಕ್ಕ?"
ಅವರ ಹೆಬ್ಬೆರಳಿಗಿ ಕಟ್ಟಿದ ಪಟ್ಟಿ
ಹೋದ ತಿಂಗಳಿಂದ ಬಿಚ್ಚಿಲ್ಲ.
ನಾ ಐದೇ ಕಟ್ಟತೀನಿ. ಎಣಿಸಿ ಬೈತಾರ.
ಆರನೇದು ಕೊಡತೀನಿ.
ಮಾರಾಕಿ ನಾ.

ಸೋಮವಾರ ಚನ್ನವೀರಮ್ಮ ರೊಟ್ಟಿ ಮುಟ್ಟೂದಿಲ್ಲ, ಉಪವಾಸ.
ಸಾಬೂದಾಣಿ, ಶೇಂಗಾ, ಬಟಾಟಿ, ಮ್ಯಾಲ ಎರಡು ಸೌಟು ತುಪ್ಪ.
"ಹೊಟ್ಟಿ ಹಗುರ ಆಗ್ತದ" ಅಂತ
ಕಟ್ಟಿ ಹಿಡಕೊಂಡು ಏಳತಾಳ.

ಲಾರಿಗಿ ಪರಸಿ ಹೇರೂ ಹುಡುಗ ಇರ್ಫಾನ
ಮೂರು ಸಾವಿರದ ಡಬ್ಬಿ ತಂದಾನ, ಚಾಕಲೇಟು ವಾಸನಿ.
ಡಬ್ಬಿ ಮ್ಯಾಲಿನ ಮನಿಷ್ಯಾಗ ಕುತ್ತಿಗಿನೇ ಇಲ್ಲ.
"ಇದರಾಗ ತಾಕತ್ತು ಅದ, ಅಕ್ಕಾ."
ಇಷ್ಟು ದಿನ ಕಲ್ಲು ಎತ್ತಿದ್ದು ಯಾರ ತಾಕತ್ತು ಹಂಗಾರ?
ಕೇಳಲಿಲ್ಲ.
ತೊಗರಿಬ್ಯಾಳಿ ಒಂದು ಸೌಟು ಹೆಚ್ಚಿಗಿ ಹಾಕಿದೆ.

ನಗತೀನಿ ಅಂತ ತಿಳಕೋಬ್ಯಾಡ್ರಿ.
ಇಪ್ಪತ್ತಮೂರು ವರ್ಷದ ಹಿಂದ, ಐದನೇ ತಿಂಗಳದಾಗ
ನರ್ಸಬಾಯಿ ಕಾಗದದಾಗ ಸುತ್ತಿ ಕೆಂಪು ಗುಳಿಗಿ ಕೊಟ್ಟಳು.
ಅತ್ತಿ ಮೂಸಿ ನೋಡಿ ಅಂದಳು:
"ತುಕ್ಕು ವಾಸನಿ. ಕೂಸು ಕರ್ರಗ ಹುಟ್ಟತದ."
ನೆರಮನಿ ಕಾಶೀಬಾಯಿ ಅಂದಳು:
"ಕೂಸು ದೊಡ್ಡದಾಗ್ತದ, ಹೊಟ್ಟಿ ಕೊಯ್ಯತಾರ."
ಇಬ್ಬರಿಗೂ ಹೂಂ ಅಂದೆ.
ನರ್ಸಬಾಯಿಗೂ ಹೂಂ ಅಂದಿದ್ದೆ.
ದಿನಕ್ಕೊಂದರಂತ ಗುಮ್ಮಿ ಜ್ವಾಳದಾಗ ಹುಗದೆ.
ಕೇಸರಿ ಎಳಿ ಮಾತ್ರ ಸಾಲ ಮಾಡಿ ಹಾಲಿಗಿ ಬಿತ್ತು.

ಉಗುರು ಬೆಳ್ಳಗ, ನಾಲಿಗಿ ಬೆಳ್ಳಗ,
ಕಣ್ಣರೆಪ್ಪಿ ಒಳಗ ಬೆಳ್ಳಗ.
ಮಂದಿ ಅಂದರು: "ಬಸುರಿ ಬಣ್ಣ ಬಂದದ ನೋಡ್ರಿ."

ಹುಟ್ಟಿದ ಕೂಸಿಗಿ ತೂಕ ಹಾಕಿದಾಗ
ಮುಳ್ಳು ಎರಡಕ್ಕ ಮುಟ್ಟಲಿಲ್ಲ.
ಬಣ್ಣ ನನ್ನಂಗೇ.
ಕೇಸರಿ ಎಲ್ಲಿಗಿ ಹೋಯ್ತೋ.

ಮೇ ತಿಂಗಳದ ಶಹಾಬಾದ. ಪರಸಿ ಮ್ಯಾಲ ಕಾಲಿಟ್ಟರ ಬೊಬ್ಬಿ.
ಬಾಣಂತಿ ನೀರು ಕುಡದರ ಹೊಟ್ಟಿ ಬರ್ತದಂತ,
ಒಂದು ವಾಟಗ ನೀರಿಗಿ ಮೂರು ಮಂದಿ ಕಾವಲ.
ರಾತ್ರಿ ಎದ್ದು
ಕೂಸಿಗಿ ಎರಿಯಲಾಕ ಇಟ್ಟ ನೀರು ಕುಡದೆ,
ಸಪ್ಪಳ ಆಗದಂಗ, ಬೆಕ್ಕಿನಂಗ.

ಶ್ರಾವಣದಾಗ ಗುಮ್ಮಿ ತಳ ಕಂಡಿತು.
ಗುಳಿಗಿ ಅತ್ತಿ ಕೈಗಿ ಸಿಕ್ಕವು.
ಕೆಂಪು ಹೋಗಿ ಮಣ್ಣಿನ ಬಣ್ಣ. ಸುತ್ತ ಜ್ವಾಳಕ್ಕೆಲ್ಲ ನುಸಿ.
"ನೋಡು, ಹುಳಾ ಸೈತ ಮುಟ್ಟಿಲ್ಲ" ಅಂದಳು,
ಗೆದ್ದಾಕಿ ಹಂಗ.

ಆ ಕೂಸು ಭಾಗ್ಯವಂತಿ. ಈಗ ಆಕಿಗಿ ಆರು ತಿಂಗಳು,
ತವರಿಗಿ ಬಂದಾಳ.
ಮಣಿಕಟ್ಟಿಗಿ ಬಳಿ ನಿಲ್ಲೂದಿಲ್ಲ, ಮೊಣಕೈಗಿ ಜಾರತಾವ.
ಆಕಿ ಮೊಬೈಲಿನ್ಯಾಗ ಒಬ್ಬಾಕಿ, ತುಟಿಗಿ ಬಣ್ಣ, ಹಿಂದ ಗಿಡದ ಕುಂಡ,
ಹೇಳತಾಳ: ರಕ್ತಕ್ಕ ಬೀಟರೂಟು ಸಾಕು,
ಕೆಂಪಿಗಿ ಕೆಂಪು ಕೂಡತದ.
"ಅವ್ವಾ, ಗುಳಿಗಿ ಉಷ್ಣಂತ."
ಅತ್ತಿ ಸತ್ತು ಹನ್ನೊಂದು ವರ್ಷ ಆಯ್ತು.
ದನಿ ಮಾತ್ರ ಮನ್ಯಾಗೇ ಅದ.

ರಾತ್ರಿ ಪುಂಡಿಪಲ್ಯ, ಬ್ಯಾಳಿ, ಒಂದು ತತ್ತಿ, ನಿಂಬಿಹೋಳು.
ಗುಳಿಗಿ ಅಂಗೈಯಾಗ ಇಟ್ಟು ಎದರಿಗಿ ಕೂಡತೀನಿ.
ಬಾಯಿ ತೆರಿ ಅಂತೀನಿ. ನಾಲಿಗಿ ಎತ್ತು ಅಂತೀನಿ.
"ನಿನಗ ನನ್ನ ಮ್ಯಾಲ ಭರೋಸಾ ಇಲ್ಲೇನು?"
ಇಲ್ಲ ಮಗಳ. ನಾನೂ ಹೂಂ ಅಂದಿದ್ದೆ.

ಆಕಿಗಿ ನಿದ್ದಿ ಹತ್ತಿದ ಮ್ಯಾಲ
ಎದ್ದು ಹೋಗಿ ಜ್ವಾಳದ ಡಬ್ಬಿಯಾಗ ಕೈ ಹಾಕತೀನಿ,
ಮೊಣಕೈ ಮಟಾ.
ಬರೇ ಜ್ವಾಳ.
ನಿನ್ನಿನೂ ಬರೇ ಜ್ವಾಳ.
ನಾಳಿ ನೋಡಬೇಕು.