ಮನೆಗೆ ಬರುವ ದಾರಿಯ ನಕ್ಷೆ

ಗ್ರಿಮ್ಸ್‌ಬಿಯ ಈ ಅಡುಗೆಮನೆಯ ಮೇಜಿನ ಮೇಲೆ
ನನ್ನ ಗಂಡನನ್ನು ಹರಡಿಕೊಂಡು ಕೂತಿದ್ದೇನೆ:
ಪಿಂಚಣಿ ಪತ್ರ, ಪಾಸ್‌ಪೋರ್ಟು, ಬ್ಯಾಂಕಿನ ಪುಸ್ತಕ,
ಇಪ್ಪತ್ತೊಂದು ವರ್ಷದ ಹಳೇ ಮದುವೆ ಪತ್ರ,
ಮಡಿಕೆ ಸವೆದು ಅದರೊಳಗೆ ನೆವಿಲ್ ಎಂಬ ಹೆಸರು
ಎರಡು ತುಂಡು.

ದಾರಿ ಎರಡಿವೆ, ಅಂದಳು ಫೋನಿನಲ್ಲಿ
ನೊಂಗ್ ಖಾಯ್‌ನಿಂದ ದೊಡ್ಡಮ್ಮನ ಮಗಳು ಪ್ರಾನೀ.
ಮುದುಕನಾಗಿ ಬರಬಹುದು, ಇಲ್ಲವೇ ಗಂಡನಾಗಿ.
ಮುದುಕನಾದರೆ ಬ್ಯಾಂಕಿನಲ್ಲಿ ಎಂಟು ಲಕ್ಷ ಬಾಟ್,
ಗಂಡನಾದರೆ ನಾಲ್ಕು.
"ನೋಡಿದೆಯಾ, ನಿನ್ನ ದೆಸೆಯಿಂದ ನಾನು ಅರ್ಧ ಬೆಲೆ"
ಅಂದ ನೆವಿಲ್, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ.

ಅಗ್ಗದ ಮಾಲಿಗೆ ತಪಾಸಣೆ ಜಾಸ್ತಿ.
ಮುದುಕ ಹೌದೋ ಅಲ್ಲವೋ ಕನ್ನಡಿಯೇ ಹೇಳೀತು;
ಗಂಡ ಹೌದೆಂದು ತೋರಿಸುತ್ತಿರಬೇಕು
ವರ್ಷ ವರ್ಷವೂ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.
ಆಗ ಸರದಿ ನನ್ನದು.
ಅವನು ಹಾಸಿಗೆಯ ಯಾವ ಮಗ್ಗುಲಿಗೆ ಮಲಗುತ್ತಾನೆ ಎಂದು
ಕನ್ನಡಕದ ಹೆಂಗಸೊಬ್ಬಳು ಕೇಳಿದ್ದಳು.
ಪರೀಕ್ಷೆಗೆಂದು ಬಾಯಿಪಾಠ ಮಾಡಿದೆ
ಯಾವ ರಾಜನಿಗೆ ಎಷ್ಟು ಹೆಂಡಿರು,
ಯಾರ ತಲೆ ಉಳಿಯಿತು, ಯಾರದು ಹೋಯಿತು.
ನೆವಿಲ್‌ನಿಗೆ ನಾನು ಎಷ್ಟನೆಯವಳು
ಎಂಬುದು ಪರೀಕ್ಷೆಯಲ್ಲಿ ಬರಲಿಲ್ಲ.

ಈಗ ಪ್ರಾನೀ ಓದುತ್ತಾಳೆ, ನಾನು ಬರೆದುಕೊಳ್ಳುತ್ತೇನೆ.
ತೊಂಬತ್ತು ದಿನಕ್ಕೊಮ್ಮೆ ಅವನು
ಇಲ್ಲೇ ಇದ್ದೇನೆ ಅಂತ ತಿಳಿಸಬೇಕು.
ನೆಲ ಅವನ ಹೆಸರಿಗೆ ಆಗುವುದಿಲ್ಲ.
"ನಾನು ಮೊದಲು ಸತ್ತರೆ?" ಅಂದೆ.
ಉಸಿರೂ ತೆಗೆದುಕೊಳ್ಳದೆ ಹೇಳಿಬಿಟ್ಟಳು:
"ಆಗ ಗಂಡ ಅಲ್ಲವಲ್ಲ. ಮುದುಕನ ಅರ್ಜಿ ಹಾಕಬೇಕು.
ಇನ್ನೂ ನಾಲ್ಕು ಲಕ್ಷ ಸೇರಿಸಬೇಕು."

ಇದನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಳಲಿಲ್ಲ.

ಪಟಗಳು ಬೇಕು: ಇಬ್ಬರೂ ಒಟ್ಟಿಗಿರುವವು.
ಡಬ್ಬಿ ಮಗುಚಿ ಹುಡುಕಿದೆ.
ಬಂದರುಕಟ್ಟೆಯ ಮೇಲೆ ನಾನು, ಮೂಗು ಕೆಂಪಗೆ.
ದೋಣಿಯ ಎಂಜಿನ್ನಿನ ಪಕ್ಕ ಅವನು, ಮೊಣಕೈತನಕ ಎಣ್ಣೆ.
ಒಬ್ಬರಿದ್ದಲ್ಲಿ ಇನ್ನೊಬ್ಬರಿಲ್ಲ,
ಕ್ಯಾಮೆರಾ ಹಿಡಿಯಲು ಮೂರನೆಯವರು ಯಾರಿದ್ದರು ನಮಗೆ?
ಒಂದರಲ್ಲಿ ಮಾತ್ರ
ನನ್ನ ನೆರಳಿನ ತಲೆ ಅವನ ಬೂಟಿನ ಮೇಲೆ ಬಿದ್ದಿದೆ.
ಅದನ್ನು ಲಗತ್ತಿಸಿದರೆ ನಡೆದೀತೆ?

ಕೊನೆಯದು ನಕ್ಷೆ. ಮನೆಗೆ ಬರುವ ದಾರಿ,
ಕೈಯಲ್ಲೇ ಬರೆದದ್ದು, ಅಧಿಕಾರಿಗೆ ಗುರುತು ಸಿಗಲು.
"ಅದು ನನಗೆ ಬಿಡು" ಅಂದ.
ಮೂವತ್ತು ವರ್ಷ ಕಡಲಲ್ಲಿದ್ದವನು,
ಹಳ್ಳಿಗೆ ಬಂದದ್ದು ಮೂರೇ ಸಲ.
ಪೆನ್ಸಿಲ್ ಕೆತ್ತಿ, ನಾಲಗೆ ತುದಿ ಕಚ್ಚಿ,
ಮೊದಲು ಮೆಕಾಂಗ್ ನದಿ ಎಳೆದ, ಕಡಲಿನಷ್ಟು ಅಗಲಕ್ಕೆ.
ಆಮೇಲೆ ವಿಹಾರದ ಗೋಡೆ. ನಾಯಿ ಕಚ್ಚಿದ ತಿರುವು.
ಮದುವೆ ದಿನ ಭತ್ತದ ಗದ್ದೆಯಲ್ಲಿ ಹೂತುಹೋದ ಜಾಗ,
ಪಕ್ಕದಲ್ಲಿ ಆಳ ಬರೆದ: ಮೊಣಕಾಲು.
ಕಂಬಗಳ ಮೇಲೆ ಮನೆ, ಮನೆಯ ಕೆಳಗೆ ಅಮ್ಮನ ಮಗ್ಗ,
ಮಗ್ಗದ ಎದುರು ಒಂದು ಫ್ಯಾನು,
ಅವಳು ತಾನು ಬೆವರುತ್ತಾ ಅವನ ಕಡೆಗೆ ತಿರುಗಿಸಿಟ್ಟದ್ದು.

ಮಗ್ಗ ಮಾರಿ ಒಂಬತ್ತು ವರ್ಷ.
ನಾಯಿ ಯಾವಾಗಲೋ ಸತ್ತಿತು.
ಗದ್ದೆಯ ಮೇಲೆ ಈಗ ಟಾರು ರಸ್ತೆ, ಮೂಲೆಯಲ್ಲಿ ಪೆಟ್ರೋಲ್ ಬಂಕು;
ತಮ್ಮ ಕಳಿಸಿದ ಪಟಗಳಲ್ಲಿ ನಾನೇ ನೋಡಿದ್ದೇನೆ.
ಈ ನಕ್ಷೆ ಹಿಡಿದು ಹೊರಟ ಅಧಿಕಾರಿ
ಮುಟ್ಟುವುದು ಎಲ್ಲಿಗೋ.

ಮಗ್ಗದ ಪಕ್ಕ ಬಾಣ ಹಾಕಿದ.
'ಇಲ್ಲಿ' ಎಂದು ಬರೆದ, ನಮ್ಮ ಅಕ್ಷರದಲ್ಲಿ,
ಮೇಲಿನ ಗುರುತು ಮರೆತು.
ತಿದ್ದಲು ಪೆನ್ಸಿಲ್ ಎತ್ತಿಕೊಂಡವಳು
ಅದರ ತುದಿ ಮುರಿದಿದೆಯೆಂದು ಕೆಳಗಿಟ್ಟೆ.

ಮೂರು ಪ್ರತಿ ಬೇಕಂತೆ.
ಲೈಬ್ರರಿ ನಾಲ್ಕಕ್ಕೆ ಮುಚ್ಚುತ್ತದೆ.
ಏಳು, ಕೋಟು ಹಾಕಿಕೋ, ಅಂದೆ,
ಹೊರಗೆ ಗಾಳಿ.