ಒಂದು ಕಡಿಮೆ

ಅರಕಲಗೂಡಿನ ಕಾಲೇಜು ಮೈದಾನ, ರಾತ್ರಿ ಹನ್ನೊಂದೂವರೆ.
ಶಾಮಿಯಾನದ ಟ್ಯೂಬ್‌ಲೈಟಿಗೆ ಬಡಿದ ಹುಳಗಳು
ನನ್ನ ಪಟ್ಟಿಯ ಮೇಲೆ ಉದುರಿ
ಅಂಕಿಗಳ ನಡುವೆ ಅಲ್ಪವಿರಾಮಗಳಾಗುತ್ತಿದ್ದವು.

ನೂರಾ ಹದಿನೆಂಟನೇ ಮತಗಟ್ಟೆಯವರು ಬಂದರು.
ಮದುವೆಮನೆಯ ಹಪ್ಪಳದ ಡಬ್ಬಿಯಂತೆ
ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು
ಅಧ್ಯಕ್ಷಾಧಿಕಾರಿ ಜಯದೇವಾಚಾರ್, ಡ್ರಾಯಿಂಗ್ ಮೇಷ್ಟ್ರು.
ಹಿಂದೆ ನೂರುನ್ನಿಸಾ ಟೀಚರ್, ಚೀಲಗಳು, ಒಂದು ಖಾಲಿ ಟಿಫಿನ್ನು.

ಸೀಲಿನ ನಂಬರು ಓದಿದೆ. ಸರಿ.
ಬೆಳಗಿನ ಅಣಕು ಮತ ಐವತ್ತು?
‘ಅಳಿಸಿದೀನಿ ಮೇಡಂ. ಸೊನ್ನೆ ತೋರಿಸಿ, ಎಲ್ಲರ ಸಹಿ ತಗೊಂಡೇ ಶುರು ಮಾಡಿದ್ದು.’
ಚೀಟಿಗಳು? ಕರಿ ಲಕೋಟೆಯಲ್ಲಿ.
ಯಂತ್ರ ಹೇಳಿತು: ಆರುನೂರ ಹನ್ನೆರಡು.
ರಿಜಿಸ್ಟರು ಹೇಳಿತು: ಆರುನೂರ ಹದಿಮೂರು.

‘ಒಂದೇ ತಾನೇ,’ ಅಂದ ಬಸ್ಸಿನ ಡ್ರೈವರು,
ಎಂಜಿನ್ ಆರಿಸದೆ.

ನಮ್ಮಪ್ಪ ಹಾಸನದ ಆಲೂಗಡ್ಡೆ ಮಂಡಿಯಲ್ಲಿ ತೂಕದವನಾಗಿದ್ದ.
ಕೊನೆಯ ಗಾಡಿಗೂ ಮೊದಲ ಗಾಡಿಯಷ್ಟೇ ಹೊತ್ತು
ಮುಳ್ಳು ನಿಲ್ಲಲು ಕಾಯುತ್ತಿದ್ದ.
‘ತಕ್ಕಡಿಗೆ ಸುಸ್ತಾಗಲ್ಲ ಮಗಾ, ಹಿಡಿದೋನಿಗೆ ಆಗೋದು.’
ಬೆಳಿಗ್ಗೆ ನಾಲ್ಕಕ್ಕೆ ಎದ್ದವಳ ಕಣ್ಣು
ಒಂದನ್ನು ಏಳು ಅನ್ನುತ್ತಿತ್ತು ಆಗಲೇ.

ರಿಜಿಸ್ಟರಿನ ಲಕೋಟೆಗೆ ಇನ್ನೂ ಅರಗು ಬಿದ್ದಿರಲಿಲ್ಲ.
ಅದು ಮೇಷ್ಟ್ರ ತಪ್ಪು; ಆ ರಾತ್ರಿ ಉಪಕಾರಕ್ಕೆ ಬಂತು.
ಇಬ್ಬರು ಏಜೆಂಟರನ್ನು ಕರೆದೆ.
ಹಗಲೆಲ್ಲ ಒಬ್ಬರ ಮೇಲೊಬ್ಬರು ದೂರು ಬರೆದವರು
ಈಗ ಒಂದೇ ಬೆಂಚಿನಲ್ಲಿ, ಒಂದೇ ಪೊಟ್ಟಣದ ಕಡ್ಲೆಪುರಿ ತಿನ್ನುತ್ತ
ನನ್ನ ಪೆನ್ನಿನ ತುದಿಯನ್ನೇ ಕಾಯುತ್ತಿದ್ದರು.
ಅದೇ ಬೇಕಿತ್ತು ನನಗೆ: ನನ್ನನ್ನೂ ನಂಬದ ನಾಲ್ಕು ಕಣ್ಣು.

ಸಹಿ, ಸಹಿ, ಹೆಬ್ಬೆಟ್ಟು, ಸಹಿ.
ಒಂದರಿಂದ ಎಣಿಸಿದೆವು.
ಮುನ್ನೂರ ನಲವತ್ತರ ಮೇಲೆ ನೇರ ಮುನ್ನೂರ ಅರವತ್ತೊಂದು.
ಚೆಲ್ಲಿದ ಶಾಯಿಗೆ ಎರಡು ಹಾಳೆ
ಕಚ್ಚಿಕೊಂಡು ಕೂತಿದ್ದವು.
ಮೇಷ್ಟ್ರು ಉಗುರನ್ನು ಬ್ಲೇಡಿನಂತೆ ನುಗ್ಗಿಸಿ
ಚಿತ್ರದ ಕಾಗದ ಬಿಡಿಸುವ ನಯದಲ್ಲಿ
ಬಿಡಿಸಿದರು, ಉಸಿರು ಹಿಡಿದು.

ಒಳಗೆ, ಒಂದು ಸಾಲಿನಲ್ಲಿ, ಎರಡು ಹೆಬ್ಬೆಟ್ಟು.
ಪಕ್ಕದಲ್ಲಿ ದುಂಡಗಿನ ಅಕ್ಷರ:
ಮತ ನೀಡಲು ನಿರಾಕರಿಸಿದರು.

‘ಅಯ್ಯೋ, ನಂದೇ ಬರಹ,’ ನೂರುನ್ನಿಸಾ ಹಣೆ ಚಚ್ಚಿಕೊಂಡರು.
‘ಸಾರ್, ನೀವು ಮೂಲೇಲಿ ಮುದ್ದೆ ಮುರೀತಿದ್ರಿ.
ಸಹಿ ಮಾಡ್ಸಿದ್ದೂ ಆಗ್ಲೇ.
ಬೆರಳಿಗೆ ಶಾಯಿ ಹಾಕಿದ ಮೇಲೆ ಆಯಮ್ಮ
ರಟ್ಟಿನ ಮರೆ ಕಡೆ ನೋಡ್ತಾ ನಿಂತ್ಲು.
ಆಮೇಲೆ, ನಾ ಒತ್ತಾಕಿಲ್ಲ ಕಣವ್ವ,
ಬಂದಿದ್ದೆ ಅಂತ ಬರ್ಕೊ, ಸಾಕು, ಅಂದ್ಲು.’

ಯಾಕಂತೆ?
ಯಾರೂ ಕೇಳಿರಲಿಲ್ಲ. ಕೇಳುವಂತಿಲ್ಲ.
‘ಯಾವ ಮನೆಯೋಳು?’ ಎಂದು ಕತ್ತು ಚಾಚಿದ ಒಬ್ಬ ಏಜೆಂಟ.
ಹೆಸರಿನ ಮೇಲೆ ನನ್ನ ಅಂಗೈ ಆಗಲೇ ಕೂತಿತ್ತು.
ಒತ್ತಿದ್ದನ್ನು ಕಾಯಲು ಯಂತ್ರವಿದೆ, ಬೀಗವಿದೆ, ಬಂದೂಕಿದೆ.
ಒತ್ತದೆ ಹೋದದ್ದಕ್ಕೆ
ಅಷ್ಟು ಹೊತ್ತಿಗೆ ಇದ್ದದ್ದು ಅದೊಂದೇ ಕೈ.

ನಮೂನೆಯಲ್ಲಿ ನಿರಾಕರಿಸಿದವರು ಸೊನ್ನೆ ಎಂದಿತ್ತು.
ಸೊನ್ನೆ ಹೊಡೆದು ಒಂದು ಬರೆದರು ಮೇಷ್ಟ್ರು,
ತಿದ್ದಿದ ಕಡೆ ಸಹಿ, ಏಜೆಂಟರ ಸಹಿ, ನನ್ನದು.
ಆರುನೂರ ಹನ್ನೆರಡು, ಮತ್ತೊಂದು.
ಅರಗು ಕರಗಿಸುವಾಗ ಒಂದು ಹನಿ
ನನ್ನ ತೋರುಬೆರಳ ಮೇಲೆ ಬಿತ್ತು.

ಮೂರಕ್ಕೆ ಲಾರಿ ಹಾಸನದ ಕಡೆ ಹೊರಟಿತು.
ಹಿಂದೆ ಪೊಲೀಸ್ ಜೀಪು, ಅದರ ಹಿಂದೆ
ಒಂದೇ ಬೈಕಿನಲ್ಲಿ ಇಬ್ಬರೂ ಏಜೆಂಟರು:
ಒಬ್ಬನ ಬೈಕಿಗೆ ಪೆಟ್ರೋಲು ಮುಗಿದಿತ್ತಂತೆ.

ಬೆಳಿಗ್ಗೆ ಹಾಲಿನ ಸ್ವಾಮಣ್ಣ ನನ್ನ ಎಡಗೈ ನೋಡಿದ.
‘ಊರಿಗೆಲ್ಲ ಓಟು ಹಾಕ್ಸಿ ನೀವೇ ಹಾಕ್ಲಿಲ್ವಾ ಅಕ್ಕ?’
ಅಂಚೆಯಲ್ಲಿ ಹೋದ ಮತದ ಕಥೆ
ಹೇಳುವಷ್ಟು ನಿದ್ದೆ ಆಗಿರಲಿಲ್ಲ.
ಶಾಯಿಯಿಲ್ಲದ ಬೆರಳಲ್ಲಿ ಅರಗಿನ ಬೊಬ್ಬೆಯೊಂದೇ.

‘ಬಂದಿದ್ದೆ ಅಂತ ಬರ್ಕೊ,’ ಅಂದೆ.
ಅವನು ಕಾರ್ಡು ತೆಗೆದು
ಅರ್ಧ ಲೀಟರು ಅಂತ ಬರೆದುಕೊಂಡ.